ಕಾಂಗೋ ನದಿ ಬೇಸಗೆಯಲ್ಲೂ ಏಕೆ ಬತ್ತುವುದಿಲ್ಲ?

ಪ್ರಶ್ನೆ: ನಾನು ಹೊಸಪೇಟೆಯವನು. ನಮ್ಮ ತುಂಗಭದ್ರೆ ಮಳೆಗಾಲದಲ್ಲಿ ಹಂಪಿಯ ಮಂಟಪಗಳನ್ನೇ ಮುಳುಗಿಸುತ್ತಾಳೆ; ಏಪ್ರಿಲ್ ಬಂದರೆ ಅವಳನ್ನು ಬಂಡೆಗಳ ನಡುವೆ ಹುಡುಕಬೇಕು. ಆಫ್ರಿಕಾದ ಕಾಂಗೋ ನದಿ ವರ್ಷವಿಡೀ ಒಂದೇ ಸಮನೆ ತುಂಬಿ ಹರಿಯುತ್ತದೆ ಎಂದು ಓದಿದೆ. ಅದು ಹೇಗೆ? ಆ ನದಿಯ ಬಾಯಿ ಯುರೋಪಿನವರಿಗೆ 1482ರಲ್ಲೇ ಸಿಕ್ಕಿದ್ದರೂ ಒಳನಾಡಿನ ಜಾಡು 1877ರವರೆಗೆ ತಿಳಿಯಲಿಲ್ಲವಂತೆ, ಅದೇಕೆ? ಅಷ್ಟು ನೀರು ತರುವ ನದಿಗೆ ಗಂಗೆಗಿರುವಂಥ ಮುಖಜಭೂಮಿ ಏಕಿಲ್ಲ ಎಂಬುದನ್ನೂ ತಿಳಿಸಿ.

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ಮೂರಕ್ಕೂ ಉತ್ತರವಿರುವುದು ಒಂದೇ ಕಡೆ, ಆ ನದಿ ಹರಿಯುವ ನೆಲದ ಆಕಾರದಲ್ಲಿ. ಪಾಠ ಹೇಳುವಾಗ ನಾನು ಇದಕ್ಕೆಂದೇ ಅಡುಗೆಮನೆಯ ಬೋಗುಣಿಯೊಂದನ್ನು ಮೇಜಿನ ಮೇಲಿಡುತ್ತಿದ್ದೆ. ಬಾಯಿ ಅಗಲ, ತಳ ಸಮತಟ್ಟು, ಅಂಚು ಒಂದು ಕಡೆ ಮುಕ್ಕಾಗಿದೆ. ಸುತ್ತಲಿಂದ ಸುರಿದ ನೀರು ತಳದಲ್ಲಿ ಹರಡಿ ನಿಂತು, ಕೊನೆಗೆ ಆ ಮುಕ್ಕಿನ ಮೂಲಕವೇ ಹೊರಗೆ ಬೀಳಬೇಕು, ಬೇರೆ ದಾರಿಯಿಲ್ಲ. ಬೋಗುಣಿ ಮಧ್ಯ ಆಫ್ರಿಕಾ. ಮುಕ್ಕಾದ ಅಂಚು ಅಟ್ಲಾಂಟಿಕ್ ಕಡೆಗಿದೆ. ಈ ಚಿತ್ರ ಕಣ್ಣ ಮುಂದಿರಲಿ.

ಮೊದಲು ಅಳತೆ. ನದಿಯ ಉದ್ದ ಸುಮಾರು 4,700 ಕಿಲೋಮೀಟರ್. ಜಲಾನಯನ ಪ್ರದೇಶ ಸುಮಾರು 37 ಲಕ್ಷ ಚದರ ಕಿಲೋಮೀಟರ್, ಅಂದರೆ ಇಡೀ ಭಾರತಕ್ಕಿಂತ ದೊಡ್ಡದು. ಸಮುದ್ರ ಸೇರುವ ನೀರು ಸರಾಸರಿ ಸೆಕೆಂಡಿಗೆ 41,000 ಘನಮೀಟರ್; ಇದರಲ್ಲಿ ಕಾಂಗೋವನ್ನು ಮೀರಿಸುವ ನದಿ ಅಮೆಜಾನ್ ಒಂದೇ. ನಮ್ಮ ಲೆಕ್ಕಕ್ಕೆ ತಂದರೆ ಹದಿನಾಲ್ಕೂವರೆ ಲಕ್ಷ ಕ್ಯೂಸೆಕ್, ದಿನಕ್ಕೆ 125 ಟಿಎಂಸಿ. ಹೂಳು ತುಂಬಿದ ಮೇಲೆ ನಿಮ್ಮೂರ ತುಂಗಭದ್ರಾ ಜಲಾಶಯದಲ್ಲಿ ಈಗ ಹಿಡಿಯುವುದು 105.79 ಟಿಎಂಸಿ. ತಳ ಕಂಡ ಆ ಜಲಾಶಯವನ್ನು ಭರ್ತಿ ಮಾಡಲು ಕಾಂಗೋಗೆ ಒಂದು ಹಗಲು, ಒಂದು ರಾತ್ರಿ ಪೂರ್ತಿ ಬೇಕಾಗುವುದಿಲ್ಲ.

‘ಒಂದೇ ಸಮನೆ’ ಎಂಬ ಮಾತನ್ನು ಮಾತ್ರ ಸ್ವಲ್ಪ ತಿದ್ದಬೇಕು. ಕಾಂಗೋದಲ್ಲೂ ಏರಿಳಿತವಿದೆ. ಕಿನ್ಶಾಸಾ ನಗರದ ಬಳಿ ಡಿಸೆಂಬರ್ ಹೊತ್ತಿಗೆ ನದಿ ಅತಿ ಹೆಚ್ಚು ತುಂಬಿರುತ್ತದೆ, ಜುಲೈ-ಆಗಸ್ಟ್‌ನಲ್ಲಿ ಅತಿ ಹೆಚ್ಚು ಇಳಿದಿರುತ್ತದೆ. ನಡುವೆ ಏಪ್ರಿಲ್-ಮೇ ಸುಮಾರಿಗೆ ಇನ್ನೊಂದು ಸಣ್ಣ ಏರು. ಆದರೆ ಸಾಮಾನ್ಯ ವರ್ಷದಲ್ಲಿ ಆ ಹೆಚ್ಚು-ಕಡಿಮೆಗಳ ಅಂತರ ಎರಡು ಪಟ್ಟಿನ ಆಸುಪಾಸು, ಅಷ್ಟೇ. ತುಂಗಭದ್ರೆಯ ಆಗಸ್ಟ್ ತಿಂಗಳ ನೀರನ್ನು ಏಪ್ರಿಲ್ ನೀರಿನೊಂದಿಗೆ ಹೀಗೆ ಪಟ್ಟು ಹಾಕಿ ನೋಡಿ, ನಾನು ಹೇಳುತ್ತಿರುವುದು ಎಷ್ಟು ದೊಡ್ಡ ಮಾತು ಎಂದು ನಿಮಗೇ ತಿಳಿಯುತ್ತದೆ.

ಇದಕ್ಕೆ ಮೊದಲ ಕಾರಣ ಸಮಭಾಜಕ ವೃತ್ತ. ಉಷ್ಣವಲಯದಲ್ಲಿ ಮಳೆ ಸೂರ್ಯನನ್ನು ಹಿಂಬಾಲಿಸುತ್ತದೆ. ಸೂರ್ಯ ಉತ್ತರಕ್ಕೆ ಸರಿದಾಗ, ಸರಿಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಉಬಾಂಗಿಯಂಥ ಉತ್ತರದ ಉಪನದಿಗಳ ನಾಡಿನಲ್ಲಿ ಮಳೆ. ದಕ್ಷಿಣಕ್ಕೆ ಸರಿದಾಗ, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ಕಸಾಯಿ, ಲುವಾಲಾಬಾ ನದಿಗಳ ಮೇಲ್ಭಾಗದಲ್ಲಿ ಮಳೆ. ಬೋಗುಣಿ ಸಮಭಾಜಕದ ಎರಡೂ ಬದಿಗೆ ಚಾಚಿಕೊಂಡಿರುವುದರಿಂದ ಎಲ್ಲೋ ಒಂದು ಕಡೆ ಮಳೆಗಾಲ ನಡೆದೇ ಇರುತ್ತದೆ. ಹಳೆಯ ಮನೆಗಳಲ್ಲಿ ಒಂದೇ ಒರಳಿಗೆ ಇಬ್ಬರು ಹೆಂಗಸರು ಎದುರುಬದುರು ನಿಂತು ಒನಕೆ ಹಾಕುತ್ತಿದ್ದುದು ನೆನಪಿದೆಯೇ? ಒಂದು ಮೇಲೇಳುವಾಗ ಇನ್ನೊಂದು ಕೆಳಗಿಳಿಯುತ್ತದೆ, ಕುಟ್ಟುವುದು ಮಾತ್ರ ನಿಲ್ಲುವುದಿಲ್ಲ. ಇಲ್ಲಿಯೂ ಹಾಗೆಯೇ. ಉತ್ತರದ ತಡವಾದ ಪ್ರವಾಹ, ದಕ್ಷಿಣದ ಹೊಸ ಮಳೆ ಎರಡೂ ಕೂಡಿದಾಗ ಡಿಸೆಂಬರ್‌ನ ಏರು. ಜಲಾನಯನದ ಹೆಚ್ಚಿನ ಪಾಲು ದಕ್ಷಿಣದಲ್ಲಿರುವುದರಿಂದ ಅಲ್ಲಿ ಮಳೆಯಿಲ್ಲದ ಜುಲೈ-ಆಗಸ್ಟ್‌ನಲ್ಲಿ ಇಳಿತ.

ಎರಡನೆಯ ಕಾರಣ ಬೋಗುಣಿಯ ತಳ. ಫ್ರೆಂಚ್ ಭಾಷೆಯಲ್ಲಿ ಆ ಪ್ರದೇಶದ ಹೆಸರು ‘ಕ್ಯುವೆತ್ ಸಾಂತ್ರಾಲ್’, ಅಕ್ಷರಶಃ ನಡುವಣ ಬೋಗುಣಿ ಎಂದೇ ಅರ್ಥ. ಅಲ್ಲಿ ನೆಲಕ್ಕೆ ಇಳಿಜಾರು ಇಲ್ಲವೇ ಇಲ್ಲ ಎನ್ನಬಹುದು. ಒಳನಾಡಿನ ಕಿಸಂಗಾನಿ ಎಂಬ ಊರಿನಿಂದ ಕಿನ್ಶಾಸಾವರೆಗಿನ 1,700 ಕಿಲೋಮೀಟರ್ ದಾರಿಯಲ್ಲಿ ನದಿ ಇಳಿಯುವುದು ನೂರು ಮೀಟರಿನ ಆಸುಪಾಸು, ಅಂದರೆ ಕಿಲೋಮೀಟರಿಗೆ ಅರ್ಧ ಗೇಣೂ ಅಲ್ಲ. ಬಂದ ನೀರು ಓಡುವುದಿಲ್ಲ, ಕಾಡಿನೊಳಗೆ ಹರಡಿ ಜೌಗಾಗಿ ತಿಂಗಳುಗಟ್ಟಲೆ ನಿಂತು ಮೆಲ್ಲನೆ ಇಳಿಯುತ್ತದೆ. ಎಲೆ, ಕೊಂಬೆ, ಬೇರು ಎಲ್ಲ ಅದರಲ್ಲಿ ನೆನೆದು ಬಣ್ಣ ಬಿಡುತ್ತವೆ. ಎಂಬಂಡಾಕಾ ಊರಿನ ಬಳಿ ಬಂದು ಕೂಡುವ ರುಕಿ ಎಂಬ ಉಪನದಿಯ ನೀರು ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು. ಅಲ್ಲಿಂದ ದಕ್ಷಿಣಕ್ಕಿರುವ ದೊಡ್ಡ ಸರೋವರದ ಹೆಸರೇ ಮಾಯ್-ಎನ್‌ಡೊಂಬೆ, ‘ಕಪ್ಪು ನೀರು’. ನೀರಿನಲ್ಲಿ ಮುಳುಗಿ ಗಾಳಿ ತಾಗದ ಎಲೆ-ಬೇರುಗಳು ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂಡಿಕೊಂಡಿವೆ. ವಿಜ್ಞಾನಿಗಳು ಇದರ ನಕ್ಷೆ ಬಿಡಿಸಿ ಪ್ರಕಟಿಸಿದ್ದು 2017ರಲ್ಲಿ: ಕರ್ನಾಟಕಕ್ಕಿಂತ ತುಸು ಚಿಕ್ಕದಾದ ಹರವಿನಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲ. ಆ ಜೌಗು ಒಣಗಿದರೆ ಅದೆಲ್ಲ ಗಾಳಿಗೆ ಸೇರುತ್ತದೆ. ಕಾಂಗೋ ಬತ್ತದಿರುವುದು ಅಲ್ಲಿಯ ಜನಕ್ಕಷ್ಟೇ ಅಲ್ಲ, ನಮಗೂ ಸಂಬಂಧಿಸಿದ ವಿಷಯ.

ನಿಮ್ಮ ಎರಡನೆಯ ಪ್ರಶ್ನೆಗೆ ಹೋಗುವ ಮೊದಲು ನದಿಯ ದಾರಿಯನ್ನು ಒಮ್ಮೆ ನೋಡೋಣ. ಜಾಂಬಿಯಾದ ಎತ್ತರದ ನೆಲದಲ್ಲಿ ಚಂಬೇಶಿ ಎಂಬ ಹೆಸರಿನಲ್ಲಿ ಹುಟ್ಟಿ, ಜೌಗು-ಸರೋವರಗಳನ್ನು ಹಾದು, ಕಾಂಗೋದ ಮೇಲ್ಭಾಗವೇ ಆದ ಲುವಾಲಾಬಾ ಸೇರಿ ನೇರ ಉತ್ತರಕ್ಕೆ ಹರಿಯುತ್ತದೆ. ‘ನೇರ ಉತ್ತರಕ್ಕೆ’ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಉಬುಂಡುವಿನಿಂದ ಕಿಸಂಗಾನಿಯವರೆಗೆ ಬೊಯೊಮಾ ಎಂಬ ಏಳು ಜಲಪಾತಗಳ ಸರಣಿ. ಅದರ ನಡುವೆಯೇ ನದಿ ಸಮಭಾಜಕವನ್ನು ದಾಟುತ್ತದೆ. ಕೊನೆಯ ಜಲಪಾತದ ಬಳಿ ವಗೇನಿಯಾ ಬೆಸ್ತರಿದ್ದಾರೆ. ನೊರೆಗಟ್ಟಿ ಧುಮುಕುವ ನೀರಿನ ನಡುವೆ ಬಂಡೆಯ ಸಂದುಗಳಿಗೆ ದಪ್ಪ ಮರದ ಕಂಬಗಳನ್ನು ಚುಚ್ಚಿ, ಅಡ್ಡಮರ ಕಟ್ಟಿ, ಆಳೆತ್ತರದ ಬಾಯಗಲದ ಬುಟ್ಟಿಗಳನ್ನು ಬಳ್ಳಿಯಿಂದ ಇಳಿಬಿಡುತ್ತಾರೆ. ರಭಸಕ್ಕೆ ಸಿಕ್ಕ ಮೀನು ಬುಟ್ಟಿಯೊಳಗೆ ಹೊಕ್ಕರೆ ಹಿಂದಿರುಗಲಾರದು. ಬುಟ್ಟಿ ಎತ್ತಲು ಗಂಡಾಳುಗಳು ಆ ಕಂಬಗಳ ಮೇಲೆ ಬರಿಗಾಲಿನಲ್ಲಿ ನಡೆಯುತ್ತಾರೆ.

ಕಿಸಂಗಾನಿಯ ನಂತರ ನದಿ ಪಶ್ಚಿಮಕ್ಕೆ ಹೊರಳಿ, ಬಿಲ್ಲಿನಂತೆ ಬಾಗಿ, ಎಂಬಂಡಾಕಾ ಬಳಿ ಸಮಭಾಜಕವನ್ನು ಎರಡನೆಯ ಸಲ ದಾಟುತ್ತದೆ. ಕೆಲವೆಡೆ ಹತ್ತು ಕಿಲೋಮೀಟರಿಗೂ ಮಿಕ್ಕ ಅಗಲ, ನಡುವೆ ಎಣಿಕೆಗೆ ಸಿಗದ ದ್ವೀಪಗಳು, ಜಾಗ ಬದಲಿಸುವ ಮರಳದಿಬ್ಬಗಳು. ಈ ಭಾಗದಲ್ಲಿ ನದಿಯೇ ಹೆದ್ದಾರಿ. ಸರಕು ದೋಣಿಯ ಮುಂತುದಿಯಲ್ಲಿ ಆಳುಗಳು ಪಟ್ಟೆ ಬಳಿದ ಗಳುಗಳನ್ನು ನೀರಿಗೆ ಊರಿ ಆಳ ಕೂಗಿ ಹೇಳುತ್ತಾರೆ, ನಾವಿಕ ಅದನ್ನು ಕೇಳಿ ಚುಕ್ಕಾಣಿ ತಿರುಗಿಸುತ್ತಾನೆ. ದಡದ ಹಳ್ಳಿಗಳಿಂದ ಮರದ ಹರಿಗೋಲುಗಳು ಬಂದು ದೋಣಿಯ ಪಕ್ಕಕ್ಕೆ ಹಗ್ಗ ಬಿಗಿದು, ಹೊಗೆಯಲ್ಲಿ ಒಣಗಿಸಿದ ಮೀನನ್ನೂ ಮರಗೆಣಸಿನ ಕ್ವಾಂಗಾವನ್ನೂ ಮಾರಿ, ಸೋಪು, ಉಪ್ಪು, ಔಷಧಿ ಕೊಂಡು ಹಗ್ಗ ಬಿಚ್ಚಿಕೊಂಡು ಹೋಗುತ್ತವೆ. ಕ್ವಾಂಗಾ ಮಾಡುವ ಬಗೆ ನಮ್ಮ ಎಲೆಗಡುಬಿಗೆ ಹತ್ತಿರ: ಕಹಿ ಮರಗೆಣಸನ್ನು ಹಲವು ದಿನ ನೀರಿನಲ್ಲಿ ನೆನೆಹಾಕಿ ವಿಷ ಕಳೆದು, ಹುಳಿ ಬಂದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಆ ಗೆಣಸು ದಕ್ಷಿಣ ಅಮೆರಿಕದ್ದು. ಪೋರ್ಚುಗೀಸರು ತಂದ ಮೇಲೆ ನದಿಯ ದಾರಿ ಹಿಡಿದು ಒಳನಾಡಿಗೆ ಹಬ್ಬಿತು.

ಇನ್ನು ಮುಕ್ಕಾದ ಅಂಚು. ಮಲೆಬೊ ಎಂಬಲ್ಲಿ ನದಿ ಸರೋವರದಂತೆ ಅಗಲವಾಗುತ್ತದೆ. ಅದರ ಕೆಳತುದಿಯಲ್ಲಿ ಒಂದು ದಡದಲ್ಲಿ ಕಿನ್ಶಾಸಾ, ಎದುರು ದಡದಲ್ಲಿ ಬ್ರಾಜವಿಲ್. ಎರಡು ದೇಶಗಳ ರಾಜಧಾನಿಗಳು ಒಂದನ್ನೊಂದು ನೋಡುತ್ತ ನಿಂತಿವೆ, ನಡುವೆ ಸೇತುವೆಯಿಲ್ಲ. ಅಲ್ಲಿಂದ ಕೆಳಗೆ ಮಟಾಡಿ ಬಂದರಿನವರೆಗೆ ಸುಮಾರು 350 ಕಿಲೋಮೀಟರ್ ಉದ್ದಕ್ಕೆ ನದಿ ಬೆಟ್ಟಸಾಲನ್ನು ಸೀಳಿಕೊಂಡು 270 ಮೀಟರ್ ಇಳಿಯುತ್ತದೆ. ನಮ್ಮ ಜೋಗದಲ್ಲಿ ಶರಾವತಿ ಒಂದೇ ನೆಗೆತಕ್ಕೆ ಬೀಳುವ ಎತ್ತರವನ್ನು ಕಾಂಗೋ ಮೂವತ್ತಕ್ಕೂ ಹೆಚ್ಚು ಜಲಪಾತ, ಸುಳಿ, ಕೊರಕಲುಗಳಲ್ಲಿ ಹಂಚಿಕೊಂಡು ಇಳಿಯುತ್ತದೆ. ಭಾರತಕ್ಕಿಂತ ದೊಡ್ಡ ನಾಡಿನ ನೀರೆಲ್ಲ ಆ ಸಂದಿಯಲ್ಲಿ ತೂರಬೇಕು. ಇಲ್ಲಿ 220 ಮೀಟರಿಗೂ ಹೆಚ್ಚು ಆಳ ಅಳೆಯಲಾಗಿದೆ; ಜಗತ್ತಿನ ಯಾವ ನದಿಯಲ್ಲೂ ಇಷ್ಟು ಆಳ ಸಿಕ್ಕಿಲ್ಲ.

ಆ ಆಳದ ಸುಳಿವು ಕೊಟ್ಟದ್ದು ಒಂದು ಪುಟ್ಟ ಮೀನು. ಬಣ್ಣವಿಲ್ಲದ, ಕಣ್ಣಿಲ್ಲದ ಮೀನುಗಳು ಇಲ್ಲಿನ ದಡಗಳಲ್ಲಿ ಸತ್ತು ಅಥವಾ ಸಾಯುತ್ತ ತೇಲಿ ಬರುತ್ತಿದ್ದವು. ಕತ್ತಲ ಗುಹೆಯ ಮೀನಿನ ಲಕ್ಷಣ ಬಿಸಿಲು ಬೀಳುವ ನದಿಯ ಮೀನಿಗೆ ಏಕೆ? ಪರೀಕ್ಷಿಸಿದಾಗ ಚರ್ಮದಡಿಯಲ್ಲಿ, ಕಿವಿರುಗಳಲ್ಲಿ ಗಾಳಿಗುಳ್ಳೆ ಕಂಡವು. ಆಳ ಸಮುದ್ರಕ್ಕೆ ಇಳಿದವನು ಏಕಾಏಕಿ ಮೇಲಕ್ಕೆ ಬಂದಾಗ ರಕ್ತದಲ್ಲಿ ಗುಳ್ಳೆಯೆದ್ದು ಸಾಯುತ್ತಾನಲ್ಲ, ಅದೇ ಕಾಯಿಲೆ. ಬೆಳಕೇ ತಲುಪದ ಆಳದಲ್ಲಿ ಬದುಕುವ ಮೀನನ್ನು ಸುಳಿ ಮೇಲಕ್ಕೆಸೆಯುತ್ತಿದೆ ಎಂದು ಸಂಶೋಧಕರು ತರ್ಕಿಸಿದರು. ನದಿಯೊಂದರ ತಳದಲ್ಲಿ ಗುಹೆಯ ಕತ್ತಲು! ಎಷ್ಟು ಸಲ ಹೇಳಿದರೂ ನನಗೆ ಇದರ ಬೆರಗು ಕಡಿಮೆಯಾಗಿಲ್ಲ.

ಈ 350 ಕಿಲೋಮೀಟರಿನ ಹೊಸ್ತಿಲೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ. ಪೋರ್ಚುಗಲ್ಲಿನ ಡಿಯೊಗೊ ಕಾವ್ 1482ರಲ್ಲಿ ನದಿಯ ಬಾಯಿಯಲ್ಲಿ ಕಲ್ಲಿನ ಕಂಬ ನೆಟ್ಟ. ಎರಡನೆಯ ಯಾನದಲ್ಲಿ ಮಟಾಡಿಯ ಬಳಿಯ ಯೆಲಾಲಾ ಜಲಪಾತದವರೆಗೆ ಏರಿ ಬಂಡೆಯ ಮೇಲೆ ತಮ್ಮ ಹೆಸರುಗಳನ್ನು ಕೊರೆಸಿದ. ಆ ಬರಹ ಇವತ್ತಿಗೂ ಇದೆ. ಹಡಗು ಅಲ್ಲಿಗೆ ನಿಂತಿತು.

ಆದರೆ ‘ಒಳನಾಡು ಯಾರಿಗೂ ತಿಳಿದಿರಲಿಲ್ಲ’ ಎಂಬ ಭಾವನೆ ಬೇಡ. ಹೊಸ್ತಿಲ ಕೆಳಗೆ ಕೊಂಗೊ ಎಂಬ ಬಲವಾದ ರಾಜ್ಯವಿತ್ತು, ನದಿಗೆ ಬಂದಿರುವುದು ಅದರ ಹೆಸರೇ. ಹೊಸ್ತಿಲ ಮೇಲೆ ಮಲೆಬೊದ ಸಂತೆಗಳನ್ನು ಟೆಕೆ ಜನ ಹಿಡಿದಿದ್ದರು. ನೂರಾರು ಮೈಲಿ ಮೇಲಿನಿಂದ ದೊಡ್ಡ ದೋಣಿಗಳಲ್ಲಿ ದಂತ, ಮೀನು, ಮಡಕೆ ತರುತ್ತಿದ್ದವರು ಬೊಬಾಂಗಿ ವ್ಯಾಪಾರಿಗಳು. ಇಂದು ಕೋಟ್ಯಂತರ ಜನ ಆಡುವ ಲಿಂಗಾಲ ಭಾಷೆ ಬೆಳೆದದ್ದು ಅವರ ನುಡಿಯಿಂದ. ನದಿಯ ಪ್ರತಿ ತಿರುವೂ ಅಲ್ಲಿ ಯಾರಿಗಾದರೂ ಗೊತ್ತಿತ್ತು. ಗೊತ್ತಿಲ್ಲದಿದ್ದವರು ಯುರೋಪಿನವರು ಮಾತ್ರ.

ಅವರಿಗೆ ಒಳಗೆ ಹೋಗುವ ಅಗತ್ಯವೂ ಬೀಳಲಿಲ್ಲ. ಬೇಕಾದದ್ದು ಕರಾವಳಿಗೇ ಬರುತ್ತಿತ್ತು, ಮತ್ತು ಅವರಿಗೆ ಬೇಕಾಗಿದ್ದದ್ದು ಮನುಷ್ಯರು. ಕ್ರೈಸ್ತಮತ ಒಪ್ಪಿ ಪೋರ್ಚುಗೀಸ್ ಕಲಿತ ಕೊಂಗೊದ ದೊರೆ ಅಫೊನ್ಸೊ 1526ರಲ್ಲೇ ಪೋರ್ಚುಗಲ್ಲಿನ ರಾಜನಿಗೆ ಪತ್ರ ಬರೆದು, ನಿನ್ನ ವ್ಯಾಪಾರಿಗಳು ನಮ್ಮ ಜನರನ್ನು, ಗೌರವಸ್ಥರ ಮಕ್ಕಳನ್ನು, ನಮ್ಮ ಬಂಧುಗಳನ್ನೂ ಹಿಡಿದೊಯ್ಯುತ್ತಿದ್ದಾರೆ, ನಾಡು ಬರಿದಾಗುತ್ತಿದೆ ಎಂದು ಮೊರೆಯಿಟ್ಟ. ವ್ಯಾಪಾರ ನಿಲ್ಲಲಿಲ್ಲ, ಮುಂದಿನ ಮೂರು ಶತಮಾನ ಈ ಕರಾವಳಿಯಿಂದ ಲಕ್ಷಾಂತರ ಜನರನ್ನು ಅಟ್ಲಾಂಟಿಕ್ ದಾಟಿಸಲಾಯಿತು.

1816ರಲ್ಲಿ ಬ್ರಿಟಿಷ್ ನೌಕಾಪಡೆಯ ಜೇಮ್ಸ್ ಟಕಿ ಜಲಪಾತಗಳನ್ನು ನಡೆದು ದಾಟಲು ಹೊರಟು, ಜ್ವರ ಹತ್ತಿ ಸಂಗಡಿಗರೊಂದಿಗೆ ಸತ್ತ. ಒಗಟು ಕೊನೆಗೆ ಬಿಡಿಸಿಕೊಂಡದ್ದು ಹಿಂಬದಿಯಿಂದ. 1871ರಲ್ಲಿ ಸ್ಕಾಟ್ಲೆಂಡಿನ ಮಿಷನರಿ, ಅನ್ವೇಷಕ ಲಿವಿಂಗ್‌ಸ್ಟನ್ ಪೂರ್ವದಿಂದ ಬಂದು ನ್ಯಾಂಗ್ವೆ ಎಂಬಲ್ಲಿ ಲುವಾಲಾಬಾ ನೋಡಿದಾಗ ನದಿ ನೇರ ಉತ್ತರಕ್ಕೆ ಹರಿಯುತ್ತಿತ್ತು. ಉತ್ತರಕ್ಕೆ ಹರಿಯುವ ಮಹಾನದಿ ನೈಲ್ ಅಲ್ಲದೆ ಮತ್ತೇನು ಎಂದುಕೊಂಡ. 1874ರಲ್ಲಿ ಅಲ್ಲಿಗೇ ಬಂದ ಬ್ರಿಟಿಷ್ ಅನ್ವೇಷಕ ವರ್ನಿ ಕ್ಯಾಮರಾನ್ ಎತ್ತರ ಅಳೆದ: ಈ ಜಾಗ ನೈಲ್ ದಡದ ಗೊಂಡೊಕೊರೊಗಿಂತ ತಗ್ಗಿನಲ್ಲಿದೆ. ನೀರು ಮೇಲಕ್ಕೆ ಹರಿಯುವುದಿಲ್ಲವಲ್ಲ. ಇದು ಕಾಂಗೋವೇ ಆಗಿರಬೇಕು ಎಂದ. ಸರಿಯಾಗಿಯೇ ಹೇಳಿದ, ಆದರೆ ಅವನಿಗೆ ದೋಣಿ ಸಿಗಲಿಲ್ಲ. ಬಿಡಿಭಾಗಗಳಾಗಿ ಹೊತ್ತು ತಂದ ದೋಣಿಯನ್ನು ಜೋಡಿಸಿಕೊಂಡು 1876ರ ಕೊನೆಯಲ್ಲಿ ಹೊರಟವನು ಪತ್ರಕರ್ತ, ಅನ್ವೇಷಕ ಸ್ಟ್ಯಾನ್ಲಿ. ದಾರಿಯುದ್ದಕ್ಕೂ ದಡದ ಜನರ ಮೇಲೆ ಗುಂಡು ಹಾರಿಸುತ್ತ ಬಂದು, ಹೊಸ್ತಿಲನ್ನು ಇಳಿಯಲು ತಿಂಗಳುಗಳನ್ನೇ ಕಳೆದು, 1877ರ ಆಗಸ್ಟ್ 9ರಂದು ನದಿಯ ಬಾಯಿಯ ಕಡೆಯ ಬೋಮಾ ಊರು ತಲುಪಿದ. ಜೊತೆಗೆ ಬಂದಿದ್ದ ಮೂವರು ಬಿಳಿಯರೂ ಸತ್ತಿದ್ದರು. ಸತ್ತ ಆಫ್ರಿಕನ್ ಹೊರೆಯಾಳುಗಳ ಹೆಸರುಗಳು ಶಾಲೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಹೊಸ್ತಿಲು ಅದುವರೆಗೆ ಒಳನಾಡನ್ನು ಕಾಯ್ದಿತ್ತು. ಇನ್ನು ಅದನ್ನೇ ದಾಟಿಸಲು ಜನರನ್ನು ದುಡಿಸಲಾಯಿತು. ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡ್ ಪರವಾಗಿ ಸ್ಟ್ಯಾನ್ಲಿ 1879ರಲ್ಲಿ ಮರಳಿ ಬಂದು, ಬಂಡೆ ಒಡೆಸಿ ದಾರಿ ಮಾಡಿಸಿ, ಸ್ಟೀಮರುಗಳನ್ನು ಎಳೆಸಿ ಮಲೆಬೊಗೆ ಮುಟ್ಟಿಸಿದ. ಜನ ಅವನನ್ನು ‘ಬುಲಾ ಮಟಾರಿ’, ಬಂಡೆ ಒಡೆಯುವವ, ಎಂದು ಕರೆದರು. ಆಮೇಲೆ ಆಳುವ ಸರಕಾರಕ್ಕೇ ಆ ಹೆಸರು ನಿಂತಿತು. 1885ರಲ್ಲಿ ಇಡೀ ನಾಡು ಲಿಯೊಪೋಲ್ಡನ ಸ್ವಂತ ಆಸ್ತಿಯಂತಾಯಿತು. ರೈಲು ಬರುವವರೆಗೆ ಎಲ್ಲ ಸರಕೂ ತಲೆಹೊರೆಯಲ್ಲೇ ಹೋಗಬೇಕಿತ್ತು. 1890ರಲ್ಲಿ ಮಟಾಡಿಯಿಂದ ಹಳಿ ಹಾಕಲು ತೊಡಗಿದರು. ಮೊದಲ ಕೆಲವೇ ಕಿಲೋಮೀಟರಿಗೆ ಎರಡು ವರ್ಷ ಹಿಡಿಯಿತು. 1898ರಲ್ಲಿ ಮುಗಿಯುವಷ್ಟರಲ್ಲಿ ಅಧಿಕೃತ ಲೆಕ್ಕದಲ್ಲೇ ಸುಮಾರು 1,800 ಆಫ್ರಿಕನ್ ಕೂಲಿಗಳು ಸತ್ತಿದ್ದರು.

ಆ ಹಳಿಯ ಮೇಲೆ ಕೆಳಗಿಳಿದದ್ದು ರಬ್ಬರು. ಗಾಳಿ ತುಂಬಿದ ಟೈರು 1888ರಲ್ಲಿ ಬಂದಿತ್ತು, ಬೇಡಿಕೆ ಏರಿತ್ತು, ಕಾಂಗೋ ಕಾಡಿನಲ್ಲಿ ರಬ್ಬರ್ ಹಾಲಿನ ಬಳ್ಳಿಗಳಿದ್ದವು. ಹಳ್ಳಿಗೆ ಇಷ್ಟು ಎಂದು ನಿಗದಿ. ತರದಿದ್ದರೆ ಹೆಂಗಸರನ್ನು ಒತ್ತೆಯಿಡುವುದು, ಊರು ಸುಡುವುದು, ಕೊಲ್ಲುವುದು. ಖರ್ಚಾದ ಗುಂಡಿಗೆ ಲೆಕ್ಕವಾಗಿ ಸೈನಿಕರು ಕತ್ತರಿಸಿದ ಕೈಗಳನ್ನು ತಂದೊಪ್ಪಿಸುತ್ತಿದ್ದರು. ಹಡಗು ಕಂಪನಿಯೊಂದರ ಗುಮಾಸ್ತ ಇ. ಡಿ. ಮೊರೆಲ್ ಆಂಟ್ವೆರ್ಪ್ ಬಂದರಿನಲ್ಲಿ ಲೆಕ್ಕ ನೋಡುವಾಗ ಗಮನಿಸಿದ: ಬರುವ ಹಡಗುಗಳಲ್ಲಿ ರಬ್ಬರು, ದಂತ, ಹೋಗುವ ಹಡಗುಗಳಲ್ಲಿ ಬಂದೂಕು, ಮದ್ದು. ವ್ಯಾಪಾರವಾದರೆ ಬದಲಿಗೆ ಸಾಮಾನು ಹೋಗಬೇಕಲ್ಲವೇ? ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟ್ 1903ರಲ್ಲಿ ಸ್ಟೀಮರಿನಲ್ಲಿ ಮೇಲಕ್ಕೆ ಹೋಗಿ, 1887ರಲ್ಲಿ ತಾನೇ ಕಂಡಿದ್ದ ತುಂಬಿದ ಊರುಗಳು ಹಾಳುಬಿದ್ದುದನ್ನು ಕಂಡು ವರದಿ ಬರೆದ. ಇವರ ಹೋರಾಟದಿಂದ, ಮಿಷನರಿ ಆಲಿಸ್ ಸೀಲಿ ಹ್ಯಾರಿಸ್ ತೆಗೆದ ಛಾಯಾಚಿತ್ರಗಳಿಂದ ಜಗತ್ತು ಎಚ್ಚೆತ್ತು, 1908ರಲ್ಲಿ ನಾಡು ದೊರೆಯ ಕೈಯಿಂದ ಬೆಲ್ಜಿಯಂ ಸರಕಾರಕ್ಕೆ ಹೋಯಿತು. ಸ್ವಾತಂತ್ರ್ಯ ಬಂದದ್ದು 1960ರ ಜೂನ್ 30ರಂದು.

ಅದೇ ಹೊಸ್ತಿಲಿನಲ್ಲಿ ಈಗ ವಿದ್ಯುತ್ತಿದೆ. ಮಟಾಡಿಯ ಮೇಲಿರುವ ಇಂಗಾದಲ್ಲಿ ನದಿ 15 ಕಿಲೋಮೀಟರಿನೊಳಗೆ 96 ಮೀಟರ್ ಇಳಿಯುತ್ತದೆ. ನದಿ ಎಂದೂ ಬತ್ತದಿರುವುದರಿಂದ ಲಿಂಗನಮಕ್ಕಿಯಂತೆ ಮಳೆಗಾಲದ ನೀರನ್ನು ಕೂಡಿಡಬೇಕಿಲ್ಲ, ಒಂದು ಪಾಲನ್ನು ತಿರುಗಿಸಿದರೆ ಸಾಕು. ಇಲ್ಲಿ 40,000 ಮೆಗಾವ್ಯಾಟ್ ತೆಗೆಯಬಹುದು ಎಂಬ ಅಂದಾಜಿದೆ. 1972 ಮತ್ತು 1982ರಲ್ಲಿ ಕಟ್ಟಿದ ಎರಡು ಸ್ಥಾವರಗಳ ಸಾಮರ್ಥ್ಯ ಸೇರಿ 1,775 ಮೆಗಾವ್ಯಾಟ್. ಅದರಿಂದ ಹೊರಟ ತಂತಿ 1,700 ಕಿಲೋಮೀಟರ್ ದೂರದ ತಾಮ್ರದ ಗಣಿಗಳಿಗೆ ಹೋಗುತ್ತದೆ, ದಾರಿಯಲ್ಲಿ ದೀಪವಿಲ್ಲದ ಹಳ್ಳಿಗಳ ನೆತ್ತಿಯ ಮೇಲೆ. ಇದು ನನಗೆ ಹೊಟ್ಟೆ ಉರಿಸುವ ಸಂಗತಿ.

ಕೊನೆಯದು ಮುಖಜಭೂಮಿಯ ಪ್ರಶ್ನೆ. ಮೊದಲನೆಯದಾಗಿ ಹೂಳೇ ಕಡಿಮೆ: ಬಂದ ಮಣ್ಣಿನ ಬಹುಪಾಲು ಬೋಗುಣಿಯ ತಳದಲ್ಲೇ ತಂಗುತ್ತದೆ. ಗಂಗೆ-ಬ್ರಹ್ಮಪುತ್ರೆಗಳು ತರುವುದು ಇದಕ್ಕಿಂತ ಹಲವು ಪಟ್ಟು ಹೆಚ್ಚು. ಎರಡನೆಯದಾಗಿ, ತಂದಷ್ಟು ಹೂಳಿಗೂ ನಿಲ್ಲಲು ಜಾಗವಿಲ್ಲ. ನದಿಯ ಬಾಯೊಳಗಿನಿಂದಲೇ ಸಮುದ್ರದಡಿಯ ಒಂದು ಮಹಾ ಕೊರಕಲು ಶುರುವಾಗುತ್ತದೆ. ಮರಳು, ಕೆಸರು ಅದರ ತಲೆಯಲ್ಲಿ ಕೂಡಿಕೊಂಡು, ಭಾರ ಹೆಚ್ಚಾದಾಗ ಕುಸಿದು, ನೀರಿನಡಿಯಲ್ಲೇ ಹಿಮಪಾತದಂತೆ ಆಳಕ್ಕೆ ಓಡುತ್ತವೆ.

ಇದು ಎಷ್ಟು ನಿಜವೆಂಬುದು 2020ರಲ್ಲಿ ಗೊತ್ತಾಯಿತು. 2019ರ ಡಿಸೆಂಬರ್‌ನಲ್ಲಿ ಕಿನ್ಶಾಸಾದಲ್ಲಿ ಐವತ್ತು ವರ್ಷಕ್ಕೊಮ್ಮೆ ಬರುವಂಥ ಪ್ರವಾಹ. ಅದು ತಂದ ಹೂಳು ಬಾಯಿಯಲ್ಲಿ ಕೂತಿತ್ತು. ಜನವರಿ 14ರಂದು ಕುಸಿದು, ಎರಡು ದಿನ ಎಡೆಬಿಡದೆ ಕೊರಕಲಿನಲ್ಲಿ 1,100 ಕಿಲೋಮೀಟರಿಗೂ ಹೆಚ್ಚು ದೂರ ಓಡಿತು. ದಾರಿಗಡ್ಡವಾಗಿ ಸಮುದ್ರತಳದಲ್ಲಿ ಮಲಗಿದ್ದ ಸಂಪರ್ಕ ಕೇಬಲ್‌ಗಳು ತುಂಡಾದವು. ಅಷ್ಟು ಹೊತ್ತಿಗೆ ಕಿನ್ಶಾಸಾದಲ್ಲಿ ನೀರು ಇಳಿಯತೊಡಗಿತ್ತು. ದಕ್ಷಿಣ ಆಫ್ರಿಕಾದವರೆಗೆ ಇಂಟರ್ನೆಟ್ ಕುಂಟತೊಡಗಿತು.